ಪ್ರೋಗ್ರಾಮಿಂಗ್ ಲೇಖನ ಪರಿಶೀಲನೆಯಲ್ಲೇ ನಿಂತುಹೋದರೆ ಏನು ಮಾಡಬೇಕು?

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನೀವು ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕುರಿತು ಬರೆದು ಜಾಲತಾಣಕ್ಕೆ ಸಲ್ಲಿಸಿದ ಲೇಖನ ಪ್ರಕಟವಾಗಿಲ್ಲ, ಮುನ್ನೋಟದಲ್ಲಿ ಕೋಡ್ ಅರ್ಧ ಮಾಯವಾಗಿದೆ ಎಂದಿದ್ದೀರಿ. ಮೊದಲು ಕೋಡನ್ನೇ ನೋಡಿ.

ನಿಮ್ಮ ಕೋಡ್‌ನಲ್ಲಿ ‘ವೆಕ್ಟರ್’ ಪದದ ಪಕ್ಕ ಕೋನಾವರಣದೊಳಗೆ (< >) ಬರುವ ‘ಇಂಟ್’ ಅನ್ನು ಬ್ರೌಸರ್ ಎಚ್‌ಟಿಎಂಎಲ್ ಟ್ಯಾಗ್ (ವೆಬ್ ಪುಟದ ರೂಪ ಹೇಳುವ ಗುರುತು) ಎಂದು ತಿಳಿದು ನುಂಗಿಬಿಡುತ್ತದೆ. ‘ಪ್ರಿ’ ಟ್ಯಾಗ್ ಹಾಕಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಅದು ಸಾಲು ಮತ್ತು ಖಾಲಿ ಜಾಗಗಳನ್ನು ಕಾಪಾಡುತ್ತದೆಯೇ ಹೊರತು ಕೋನಾವರಣವನ್ನಲ್ಲ. ಎಡಿಟರ್‌ನಲ್ಲಿ ಕೋಡ್ ಬ್ಲಾಕ್ ಗುಂಡಿ ಇದ್ದರೆ ಬಳಸಿ, ಇಲ್ಲವಾದರೆ ಎಚ್‌ಟಿಎಂಎಲ್‌ನ ಬದಲಿ ಸಂಕೇತ (< ಬದಲು <, > ಬದಲು >) ಬರೆಯಿರಿ. ವರ್ಡ್‌ನಿಂದ ಅಂಟಿಸಿದ್ದರೆ ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿರಬಹುದು. ಆಗ ಕೋಡ್ ಕಂಪೈಲ್ ಆಗುವುದೇ ಇಲ್ಲ, ಅಂದರೆ ಓಡಬಲ್ಲ ಪ್ರೋಗ್ರಾಂ ಆಗುವುದಿಲ್ಲ. ಪುಣೆಯ ನಿಮ್ಮ ಕನ್ನಡ ಬಳಗದಲ್ಲಿ ಸಿ ಪ್ಲಸ್ ಪ್ಲಸ್ ಬಲ್ಲವರಿದ್ದರೆ, ಮುನ್ನೋಟದಿಂದಲೇ ಕೋಡ್ ನಕಲಿಸಿ ಓಡಿಸಿ ನೋಡಲು ಕೇಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಎರಡನೆಯದು ಹಕ್ಕಿನ ಪ್ರಶ್ನೆ. ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನ ಉತ್ತರಗಳು, ಷರತ್ತಿನೊಂದಿಗೆ ಮರುಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಅಲ್ಲಿಂದ ತೆಗೆದುಕೊಂಡರೆ ಬರೆದವರ ಹೆಸರು, ಕೊಂಡಿ ಕೊಡಲೇಬೇಕು. ಕಚೇರಿಯ ಕೋಡನ್ನು ಲಿಖಿತ ಅನುಮತಿಯಿಲ್ಲದೆ ಹಾಕಬೇಡಿ, ಅದರೊಳಗಿನ ಹೆಸರುಗಳನ್ನು ಬದಲಿಸಿಯೂ ಬೇಡ. ಲೇಖನ ಮೊದಲೇ ಬೇರೆಡೆ ಪ್ರಕಟವಾಗಿದ್ದರೆ ಅದನ್ನು ಆರಂಭದಲ್ಲೇ ತಿಳಿಸಿ.

ಅದೇ ಲೇಖನವನ್ನು ಮತ್ತೆ ಮತ್ತೆ ಸಲ್ಲಿಸಬೇಡಿ, ಸ್ಪ್ಯಾಮ್ ಎಂಬ ಅನುಮಾನ ಬರುತ್ತದೆ. ಇವನ್ನೆಲ್ಲ ಸರಿಪಡಿಸಿದ ಮೇಲೆ ಪರಿಶೀಲಕರಿಗೆ ಒಂದೇ ಸಂದೇಶ ಕಳುಹಿಸಿ: ಶೀರ್ಷಿಕೆ, ಸಲ್ಲಿಸಿದ ದಿನ, ನೀವು ತಿದ್ದಿದ್ದೇನು, ಯಾವ ನಿಯಮ ಅಡ್ಡಬಂದಿದೆ ಎಂಬ ನೇರ ಪ್ರಶ್ನೆ. ಇಂಥ ತಾಣಗಳಲ್ಲಿ ಪರಿಶೀಲಿಸುವವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರಾಗಿರಬಹುದು. ಉತ್ತರಕ್ಕೆ ಕೆಲವು ದಿನ ಕಾಯಿರಿ.