ಓದುಗರ ಪ್ರಶ್ನೆ: ಕಲಬುರಗಿ ಮರುಭೂಮಿಯಾ ಸರ್?

ಪ್ರಶ್ನೆ: ಸರ್, ಮೇ ತಿಂಗಳಲ್ಲಿ ಕಲಬುರಗಿಗೆ, ಸೋದರತ್ತೆ ಮನೆಗೆ ಹೋಗಿದ್ದೆ. ಮಧ್ಯಾಹ್ನ ನಳದ ನೀರು ಮುಟ್ಟಿದರೆ ಕೈ ಸುಡುತ್ತಿತ್ತು. ನಮ್ಮ ಕಡೆಯೂ ಮರುಭೂಮಿನಾ? ಲಡಾಖ್ ಕೂಡ ಮರುಭೂಮಿ ಅಂತ ಪುಸ್ತಕದಲ್ಲಿದೆ. ಹಿಮ ಬೀಳುವ ಊರು ಮರುಭೂಮಿ ಹೇಗಾಗುತ್ತದೆ?
– ಪಿಯುಸಿ ವಿದ್ಯಾರ್ಥಿನಿ, ಶಹಾಪುರ

ಉತ್ತರ: ತಂಗಿ, ಬಿಸಿಲು ನೋಡಿ ಮರುಭೂಮಿ ಅನ್ನಬಾರದು, ಮಳೆ ಅಳೆದು ಅನ್ನಬೇಕು. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಮರುಭೂಮಿ, ಇದು ಭೂಗೋಳದವರ ಸಾಮಾನ್ಯ ಲೆಕ್ಕ. ಕಲಬುರಗಿಯಲ್ಲಿ ಸರಾಸರಿ 700ಕ್ಕೂ ಜಾಸ್ತಿ ಬೀಳುತ್ತದೆ. ಮೇಲಾಗಿ ನಮ್ಮ ಎರೆಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಹಿಂಗಾರಿ ಬಿಳಿಜೋಳ ಆ ಹಸಿಯ ಮೇಲೆಯೇ ತೆನೆ ಹಿಡಿಯುತ್ತದೆ. ನಮ್ಮದು ಬಿಸಿಲೂರು, ಅಷ್ಟೇ.

ಲೇಹ್‌ನ ಕಥೆ ಬೇರೆ. ಬಿದ್ದ ಹಿಮವನ್ನು ಕರಗಿಸಿ ಸೇರಿಸಿದರೂ ಅಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ. ನಿವೃತ್ತಿಯಾದ ವರ್ಷ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಟೂರಿನವನು ಸ್ವೆಟರ್ ತನ್ನಿ ಅಂದಿದ್ದ, ಕೊಬ್ಬರಿ ಎಣ್ಣೆ ತನ್ನಿ ಅಂದಿರಲಿಲ್ಲ. ಎರಡನೇ ದಿನಕ್ಕೇ ನನ್ನ ತುಟಿ ಒಡೆದು, ಮೂಗಿನಲ್ಲಿ ರಕ್ತ. “ಎರಿ ಹೊಲ ಬಿರುಕು ಬಿಟ್ಟಂಗ ಆಗ್ಯದ ನಿಮ್ಮ ತುಟಿ” ಅಂತ ಇವಳು ನಕ್ಕಳು. ರಾತ್ರಿ ಒಗೆದು ಹಾಕಿದ ದಪ್ಪ ಟವೆಲ್ ಆ ಚಳಿಯಲ್ಲೂ ಬೆಳಿಗ್ಗೆಗೆ ಗರಿಗರಿ ಒಣಗಿತ್ತು. ಗಾಳಿ ಅಷ್ಟು ಬಾಯಾರಿತ್ತು.

ಕಾರಣ ನಿನಗೆ ಗೊತ್ತಿರುವುದೇ. ಸಹ್ಯಾದ್ರಿ ದಾಟುವಷ್ಟರಲ್ಲಿ ಮೋಡ ಅರ್ಧ ಖಾಲಿಯಾಗಿರುತ್ತದೆ ಅಲ್ವಾ? ಹಿಮಾಲಯ ಅದಕ್ಕಿಂತ ಎಷ್ಟೋ ಎತ್ತರ. ಮುಂಗಾರು ಈಚೆ ಬದಿಯಲ್ಲೇ ಸುರಿದು ಮುಗಿಯುತ್ತದೆ, ಆಚೆಯ ಲೇಹ್‌ಗೆ ತಲುಪುವುದು ಒಣಗಾಳಿ. ಅಲ್ಲಿನ ಜವೆಗೋಧಿ ಹೊಲಗಳಿಗೆ ಬೆಟ್ಟದ ಹಿಮ ಕರಗಿದ ನೀರೇ ಗತಿ. ಅಂದಹಾಗೆ, ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರಾ ಅಲ್ಲ, ಅಂಟಾರ್ಕ್ಟಿಕಾ.

ಪ್ರಶ್ನೆ: ಒಂಟೆಯ ಡುಬ್ಬದಲ್ಲಿ ನೀರು ಇರುತ್ತದೆಯೇ?
– ಒಬ್ಬ ಓದುಗರು, ಭಾಲ್ಕಿ

ಉತ್ತರ: ಇಲ್ಲ, ಕೊಬ್ಬು ಇರುತ್ತದೆ. ಮೇವಿಲ್ಲದ ದಿನಗಳಿಗೆ ಅದು ಬುತ್ತಿ. ನೀರು ಸಿಕ್ಕರೆ ಮಾತ್ರ ಕೆಲವೇ ನಿಮಿಷಗಳಲ್ಲಿ 100 ಲೀಟರ್ ಕುಡಿದುಬಿಡುತ್ತದೆ. ರಾಜಸ್ಥಾನದ ಒಂಟೆಗೆ ಡುಬ್ಬ ಒಂದು. ಲಡಾಖಿನ ನುಬ್ರಾ ಕಣಿವೆಯದಕ್ಕೆ ಎರಡು, ಮೈತುಂಬ ಉಣ್ಣೆ ಬೇರೆ. ಮಧ್ಯ ಏಷ್ಯಾದ ವ್ಯಾಪಾರಿಗಳ ಜೊತೆ ಬಂದವುಗಳ ಸಂತತಿ ಅದು.

ಪ್ರಶ್ನೆ: ಮಾಸ್ತರ್ರೇ, ಮರುಭೂಮಿಯ ಗಿಡ ಯಾವುದಾದರೂ ನಮ್ಮ ಕಡೆ ಇದೆಯಾ? ನನಗೆ ಕಾಣುವುದು ಬರೀ ಬಳ್ಳಾರಿ ಜಾಲಿ.
– ರೈತರೊಬ್ಬರು, ಆಳಂದ

ಉತ್ತರ: ದಸರೆಗೆ ನೀವು ಮುಡಿಯುತ್ತೀರಲ್ಲ, ಆ ಬನ್ನಿ! ‘ಬನ್ನಿ ತೊಗೊಂಡು ಬಂಗಾರದಂಗ ಇರೋಣ’ ಅಂತ ಕೈಗೆ ಕೈ ಬದಲಿಸುವ ಅದೇ ಎಲೆ. ಥಾರ್ ಮರುಭೂಮಿಯಲ್ಲಿ ಅದರ ಹೆಸರು ಖೇಜಡಿ. 1983ರಿಂದ ರಾಜಸ್ಥಾನದ ರಾಜ್ಯ ಮರ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು, ಬನ್ನಿ ನಮ್ಮ ನೆಲದ್ದೇ.

ಎಲೆ ಯಾಕೆ ಅಷ್ಟು ಸಣ್ಣದು ಅಂತ ಯೋಚಿಸಿದ್ದೀರಾ? ಎಲೆ ಅಗಲವಾದಷ್ಟೂ ನೀರು ಜಾಸ್ತಿ ಆರುತ್ತದೆ. ಬೇರು ಮಾತ್ರ ಬಾವಿ ತೋಡಿದ ಹಾಗೆ ಆಳಕ್ಕೆ ಇಳಿಯುತ್ತದೆ. ಸುತ್ತ ಹುಲ್ಲೆಲ್ಲ ಕರಕಲಾದ ಬೇಸಿಗೆಯಲ್ಲೂ ಆಡಿಗೆ, ಒಂಟೆಗೆ ಇದರ ಸೊಪ್ಪೇ ಮೇವು. 1730ರಲ್ಲಿ ಜೋಧಪುರದ ಅರಸನ ಆಳುಗಳು ಈ ಮರ ಕಡಿಯಲು ಬಂದಾಗ, ಖೇಜಡ್ಲಿ ಎಂಬ ಹಳ್ಳಿಯಲ್ಲಿ ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ಅಂದು ಮರ ಉಳಿಸಲು ಹೋಗಿ ಸತ್ತ ಬಿಷ್ಣೋಯಿ ಪಂಥದ ಜನ 363. ನಾವೋ, ವರ್ಷಕ್ಕೊಮ್ಮೆ ಪೂಜೆ ಮಾಡಿ ಟೊಂಗೆ ಮುರಿದುಕೊಂಡು ಬರುತ್ತೇವೆ.

ನಮ್ಮ ಓಣಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾರ್ವಾಡಿ ಸೇಠ್ ಒಮ್ಮೆ ಊಟಕ್ಕೆ ಕರೆದಿದ್ದರು. ಒಣಗಿಸಿದ ಚವಳಿಕಾಯಿಯಂಥದ್ದೊಂದು ಪಲ್ಯ ಬಡಿಸಿದರು. ಏನಿದು ಅಂದರೆ ಸಾಂಗ್ರಿ, ಖೇಜಡಿಯ ಕಾಯಿ ಅಂದರು. ಮರುದಿನ ಅವರನ್ನು ಕರೆದುಕೊಂಡು ಹೋಗಿ, ಗುಡಿ ಹಿಂದಿನ ಬನ್ನಿ ಮರ ತೋರಿಸಿದೆ. ಇಪ್ಪತ್ತು ವರ್ಷದಿಂದ ಅದರ ಮುಂದೆಯೇ ಸ್ಕೂಟರ್ ನಿಲ್ಲಿಸುತ್ತಿದ್ದವರು! ಈಗ ಬೇಸಿಗೆ ಬಂದರೆ ಸಾಕು, “ಮಾಸ್ತರ್, ಕಾಯಿ ಬಂತಾ?” ಅಂತ ಅಂಗಡಿಯಿಂದಲೇ ಕೂಗುತ್ತಾರೆ.