ಕರಬಾಖ್ ಕೈತಪ್ಪಿದ್ದು ಯಾವ ಷರತ್ತಿನಲ್ಲಿ?

ಹುಬ್ಬಳ್ಳಿಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರಲ್ಲಿ ನಾಲ್ಕು ಪ್ರಶ್ನೆಗಳಿವೆ. ಆರ್ಮೇನಿಯಾ ಮತ್ತು ಅಜರ್‌ಬೈಜಾನ್ ನಡುವಿನದು ಕ್ರೈಸ್ತ-ಮುಸ್ಲಿಂ ಯುದ್ಧವೇ? ಆರ್ಮೇನಿಯಾದಲ್ಲಿ ಸೇನಾ ನೆಲೆಯನ್ನೇ ಇಟ್ಟುಕೊಂಡಿದ್ದ ರಷ್ಯಾ, ಅಜರ್‌ಬೈಜಾನಿನೊಳಗಿನ ಆರ್ಮೇನಿಯನ್ ಬಹುಸಂಖ್ಯೆಯ ಕರಬಾಖ್ ಪ್ರಾಂತ್ಯದ ಮೇಲೆ ಬಾಕುವಿನ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ದಾಳಿ ಮಾಡಿದಾಗ ಕೈಕಟ್ಟಿ ಕೂತದ್ದೇಕೆ? ಬೆಂಗಳೂರಿನಲ್ಲಿ ತಯಾರಾದ ರೇಡಾರ್‌ಗಳು ಆರ್ಮೇನಿಯಾಕ್ಕೆ ಹೋಗಿದ್ದವಂತೆ, ಅವುಗಳಿಂದ ಪ್ರಯೋಜನ ಆಗಲಿಲ್ಲವೇ? 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಎರಡೂ ದೇಶಗಳ ನಡುವೆ ಆದ ಶಾಂತಿ ಒಪ್ಪಂದ ನಿಲ್ಲುತ್ತದೆಯೇ? ಪತ್ರದ ಕೊನೆಯ ವಾಕ್ಯ ಹೀಗಿದೆ: "ಸ್ನೇಹಿತನನ್ನು ನಂಬಿ ಕೆಟ್ಟ ದೇಶ ಎಂದು ನನಗೆ ಅನಿಸುತ್ತದೆ, ನಿಮ್ಮ ಅಭಿಪ್ರಾಯವೇನು?"

ನಮ್ಮ ಅಭಿಪ್ರಾಯ ಬೇರೆ. ನಂಬಿಕೆದ್ರೋಹ ನಡೆದಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಕರಬಾಖಿನ ಆರ್ಮೇನಿಯನ್ನರು ಮನೆಮಠ ಬಿಟ್ಟು ಹೊರಡಬೇಕಾದ ಸ್ಥಿತಿ 2020ರ ನವೆಂಬರ್‌ನಲ್ಲಿ ಸಹಿಯಾದ ಒಂಬತ್ತು ಅಂಶಗಳ ಕದನವಿರಾಮ ಹೇಳಿಕೆಯಲ್ಲೇ ಸಿದ್ಧವಾಗಿತ್ತು. ಆ ಹೇಳಿಕೆಯನ್ನು ಅಂಶ ಅಂಶವಾಗಿ ಓದಿದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲು ಧರ್ಮದ ಪ್ರಶ್ನೆಯನ್ನು ಮುಗಿಸೋಣ. ಶಿಯಾ ಇರಾನ್ ದಶಕಗಳಿಂದ ಕ್ರೈಸ್ತ ಆರ್ಮೇನಿಯಾದ ದಕ್ಷಿಣದ ಬಾಗಿಲು. ಶಿಯಾ ಬಹುಸಂಖ್ಯೆಯ ಅಜರ್‌ಬೈಜಾನಿಗೆ ಹ್ಯಾರೋಪ್ ಡ್ರೋನ್‌ಗಳನ್ನು ಕೊಟ್ಟದ್ದು ಇಸ್ರೇಲ್. ಅಜರ್‌ಬೈಜಾನಿನ ರಾಜಧಾನಿ ಬಾಕುವಿನ ತೈಲವನ್ನು ಟರ್ಕಿಗೆ ಒಯ್ಯುವ ಕೊಳವೆಮಾರ್ಗ ಹಾಯುವುದು ಕ್ರೈಸ್ತ ಜಾರ್ಜಿಯಾದ ಮೂಲಕ. ಇಷ್ಟು ಸಾಕು.

ನಿಜವಾದ ಗಂಟು ಸೋವಿಯತ್ ಒಕ್ಕೂಟದ ಆಡಳಿತ ನಕ್ಷೆಯಲ್ಲಿದೆ. ಒಕ್ಕೂಟದಲ್ಲಿ 15 ಗಣರಾಜ್ಯಗಳಿದ್ದವು. ಅವುಗಳ ಹೊಟ್ಟೆಯೊಳಗೆ ಸ್ವಾಯತ್ತ ಗಣರಾಜ್ಯಗಳೂ ಸ್ವಾಯತ್ತ ಪ್ರಾಂತ್ಯಗಳೂ ಇದ್ದವು. 1923ರಲ್ಲಿ ರಚನೆಯಾದ ನಗೋರ್ನೊ-ಕರಬಾಖ್ ಪ್ರಾಂತ್ಯ ಅಜರ್‌ಬೈಜಾನಿನೊಳಗೆ ಸೇರಿತು. 1989ರ ಜನಗಣತಿಯ ಹೊತ್ತಿಗೆ ಅಲ್ಲಿನ ಜನರಲ್ಲಿ ಮುಕ್ಕಾಲು ಪಾಲು ಆರ್ಮೇನಿಯನ್ನರು. 1991ರ ಡಿಸೆಂಬರ್ 21ರಂದು ಅಲ್ಮಾ-ಅತಾದಲ್ಲಿ ಸಹಿಯಾದ ಘೋಷಣೆ ಗಣರಾಜ್ಯಗಳ ನಡುವಿನ ಆಗಿನ ಗೆರೆಗಳನ್ನೇ ದೇಶಗಳ ಗಡಿ ಎಂದು ಒಪ್ಪಿತು. ಒಳಗಿನ ಸ್ವಾಯತ್ತ ಪ್ರಾಂತ್ಯಗಳಿಗೆ ಬೇರೆಯಾಗುವ ಹಕ್ಕು ಸಿಗಲಿಲ್ಲ. ಜಾರ್ಜಿಯಾದ ಅಬ್ಖಾಜಿಯಾ, ದಕ್ಷಿಣ ಒಸೆಟಿಯಾ ಹತ್ತಿ ಉರಿದದ್ದೂ ಇದೇ ಗೆರೆಗಳ ಮೇಲೆ.

1988ರ ಫೆಬ್ರುವರಿಯಲ್ಲಿ ಕರಬಾಖಿನ ಪ್ರಾಂತೀಯ ಸೋವಿಯತ್ತು (ಪ್ರತಿನಿಧಿಗಳ ಸಭೆ) ಆರ್ಮೇನಿಯಾಕ್ಕೆ ಸೇರಲು ನಿರ್ಣಯ ಮಾಡಿತು. ಅದೇ ತಿಂಗಳು ಅಜರ್‌ಬೈಜಾನಿನ ಸುಮ್‌ಗಾಯಿತ್‌ನಲ್ಲಿ ಆರ್ಮೇನಿಯನ್ನರ ಹತ್ಯೆ ನಡೆಯಿತು. 1992ರ ಫೆಬ್ರುವರಿಯಲ್ಲಿ ಕರಬಾಖಿನ ಖೋಜಾಲಿಯಲ್ಲಿ ನೂರಾರು ಅಜರ್‌ಬೈಜಾನಿ ನಾಗರಿಕರು ಸತ್ತರು. ಎರಡನ್ನೂ ಒಟ್ಟಿಗೆ ನೆನಪಿಡದವರು ಈ ಯುದ್ಧದ ಬಗ್ಗೆ ಬರೆಯಬಾರದು ಎಂಬುದು ನಮ್ಮ ನಿಲುವು. 1994ರ ಮೇ ತಿಂಗಳ ಕದನವಿರಾಮದ ಹೊತ್ತಿಗೆ ಆರ್ಮೇನಿಯನ್ ಪಡೆಗಳ ಕೈಯಲ್ಲಿ ಕರಬಾಖಿನ ಬಹುಭಾಗವಷ್ಟೇ ಅಲ್ಲದೆ ಅದರ ಸುತ್ತಲಿನ ಏಳು ಜಿಲ್ಲೆಗಳೂ ಇದ್ದವು. ಲಾಚಿನ್, ಕೆಲ್ಬಜಾರ್, ಕುಬಾದ್ಲಿ, ಜಂಗಿಲಾನ್, ಜಬ್ರಾಯಿಲ್ ಪೂರ್ತಿಯಾಗಿ. ಅಗ್ದಾಮ್, ಫಿಜುಲಿ ಭಾಗಶಃ. ಅಲ್ಲಿದ್ದ ಲಕ್ಷಾಂತರ ಅಜರ್‌ಬೈಜಾನಿಗಳು ನಿರಾಶ್ರಿತರಾದರು, ಅಗ್ದಾಮ್ ಪಟ್ಟಣ ಕಲ್ಲುರಾಶಿಯಾಯಿತು. 1993ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 822, 853, 874, 884 ಎಂಬ ನಾಲ್ಕು ನಿರ್ಣಯಗಳಲ್ಲಿ ಆಕ್ರಮಿತ ಪ್ರದೇಶಗಳಿಂದ ಹಿಂದೆ ಸರಿಯುವಂತೆ ಹೇಳಿತು. ಕರಬಾಖ್ ತಾನೇ ಘೋಷಿಸಿಕೊಂಡ ಸ್ವಾತಂತ್ರ್ಯವನ್ನು ವಿಶ್ವಸಂಸ್ಥೆಯ ಯಾವ ಸದಸ್ಯ ದೇಶವೂ ಮಾನ್ಯ ಮಾಡಲಿಲ್ಲ. ಗಮನಿಸಿ, ಆರ್ಮೇನಿಯಾ ಕೂಡ ಮಾಡಲಿಲ್ಲ. ಮಾತುಕತೆಯ ಬಾಗಿಲು ಮುಚ್ಚೀತೆಂಬ ಅಳುಕಿನಿಂದ ಮೂರು ದಶಕ ಅದನ್ನು ಮುಂದೂಡಿತು. ಗೆದ್ದ ನೆಲವನ್ನು ಬಿಟ್ಟುಕೊಡಲೂ ಇಲ್ಲ, ಕಾನೂನಿನಲ್ಲಿ ತನ್ನದಾಗಿಸಿಕೊಳ್ಳಲೂ ಇಲ್ಲ. ಈ ನಡುವೆ ತೈಲದ ಹಣ ಬಾಕುವಿನ ಸೇನೆಗೆ ಹರಿಯುತ್ತಲೇ ಇತ್ತು.

2020ರ ಸೆಪ್ಟೆಂಬರ್ 27ರಂದು ಶುರುವಾದ ಯುದ್ಧ 44 ದಿನ ನಡೆಯಿತು. ನವೆಂಬರ್ 8ರಂದು ಕರಬಾಖಿನ ಶೂಷಾ ಪಟ್ಟಣ ಅಜರ್‌ಬೈಜಾನಿನ ಕೈಗೆ ಬಿತ್ತು. ಶೂಷಾ ಇರುವುದು ಎತ್ತರದ ಬಂಡೆಯ ಮೇಲೆ. ಅದರ ಕೆಳಗೇ ಕರಬಾಖಿನ ರಾಜಧಾನಿ ಸ್ಟೆಪಾನಕೆರ್ಟ್, ಅದರ ಪಕ್ಕದಲ್ಲೇ ಆರ್ಮೇನಿಯಾಕ್ಕೆ ಹೋಗುವ ರಸ್ತೆ. ಶೂಷಾ ಹೋದ ಮೇಲೆ ಉಳಿದದ್ದು ಸಹಿ ಮಾತ್ರ. ನವೆಂಬರ್ 9-10ರ ನಡುರಾತ್ರಿ ಆರ್ಮೇನಿಯಾದ ಪ್ರಧಾನಿ ಪಶಿನ್ಯಾನ್, ಅಜರ್‌ಬೈಜಾನಿನ ಅಧ್ಯಕ್ಷ ಅಲಿಯೆವ್, ರಷ್ಯಾದ ಪುಟಿನ್ ಸಹಿ ಹಾಕಿದರು.

ಈಗ ಆ ಹೇಳಿಕೆಗೆ ಬರೋಣ. ಮೂರನೆಯ ಅಂಶದ ಪ್ರಕಾರ 1,960 ರಷ್ಯನ್ ಶಾಂತಿಪಾಲಕರು, ಸಣ್ಣ ಶಸ್ತ್ರಗಳೊಂದಿಗೆ, 90 ಕವಚಿತ ವಾಹನಗಳು, 380 ಇತರ ವಾಹನಗಳು. ನಾಲ್ಕನೆಯದರಲ್ಲಿ ಅವಧಿ: ಐದು ವರ್ಷ. ಅವಧಿ ಮುಗಿಯುವ ಆರು ತಿಂಗಳ ಮೊದಲು ಮೂವರಲ್ಲಿ ಯಾರಾದರೂ ಒಬ್ಬರು ಬೇಡವೆಂದರೆ ನವೀಕರಣವಿಲ್ಲ. ಅಂದರೆ 2025ರ ಮೇ ತಿಂಗಳಲ್ಲಿ ಬಾಕುವಿನಿಂದ ಒಂದು ಪತ್ರ ಹೋದರೆ ಕಾವಲು ಮುಗಿಯುತ್ತಿತ್ತು. ಯುದ್ಧದಲ್ಲಿ ಗೆದ್ದ ಪಕ್ಷದ ಕೈಗೇ ಕಾವಲನ್ನು ರದ್ದು ಮಾಡುವ ಹಕ್ಕು ಕೊಟ್ಟಾಗಿತ್ತು. ಶಾಂತಿಪಾಲಕರು ಯಾವಾಗ ಗುಂಡು ಹಾರಿಸಬಹುದು, ಯಾರನ್ನು ತಡೆಯಬಹುದು ಎಂದು ವಿವರಿಸುವ ಪ್ರತ್ಯೇಕ ದಾಖಲೆಗೆ ಮೂರೂ ಪಕ್ಷಗಳ ಸಹಿ ಬೀಳಲೇ ಇಲ್ಲ. ಅಧಿಕಾರದ ವ್ಯಾಪ್ತಿ ಬರೆದಿಡದ ಪಡೆಯ ಅಧಿಕಾರಿ ಪ್ರತಿ ಬಾರಿಯೂ ಮಾಸ್ಕೋದ ಕಡೆ ನೋಡಬೇಕು, ಮಾಸ್ಕೋ ಆ ದಿನದ ತನ್ನ ಲೆಕ್ಕಾಚಾರ ನೋಡಿ ಉತ್ತರಿಸುತ್ತದೆ.

ಅದೇ ನಾಲ್ಕನೆಯ ಅಂಶ ಆರ್ಮೇನಿಯಾದ ಸಶಸ್ತ್ರ ಪಡೆಗಳು ಹಿಂದೆ ಸರಿಯಬೇಕೆಂದಿತು. ಕರಬಾಖಿನ ಸ್ಥಳೀಯ ಸೇನೆ ಇದರಲ್ಲಿ ಸೇರುತ್ತದೆಯೇ? ಬಾಕು ಸೇರುತ್ತದೆ ಎಂದಿತು, ಆರ್ಮೇನಿಯಾದ ರಾಜಧಾನಿ ಯೆರೆವಾನ್ ಇಲ್ಲ ಎಂದಿತು. ಹೇಳಿಕೆ ಮೌನವಾಗಿತ್ತು. ಕರಬಾಖಿನ ರಾಜಕೀಯ ಸ್ಥಾನಮಾನದ ಬಗ್ಗೆ ಒಂಬತ್ತರಲ್ಲಿ ಒಂದೇ ಒಂದು ಅಂಶವೂ ಇಲ್ಲ.

ಎಲ್ಲಕ್ಕಿಂತ ಘಾತಕವಾದದ್ದು ಆರನೆಯ ಅಂಶ, ಕರಬಾಖನ್ನು ಆರ್ಮೇನಿಯಾಕ್ಕೆ ಜೋಡಿಸುತ್ತಿದ್ದ ಲಾಚಿನ್ ದಾರಿಯದು. ಅಗಲ 5 ಕಿ.ಮೀ., ರಷ್ಯನ್ನರ ನಿಯಂತ್ರಣದಲ್ಲಿ. ಸಂಚಾರದ ಸುರಕ್ಷತೆಗೆ ಹೊಣೆ ಮಾತ್ರ ಅಜರ್‌ಬೈಜಾನಿನದು. ನಿಯಂತ್ರಣ ಒಬ್ಬರದು, ಹೊಣೆ ಇನ್ನೊಬ್ಬರದು. ಲಾರಿಗಳನ್ನು ಯಾರು ತಪಾಸಿಸಬೇಕು, ಎಲ್ಲಿ, ಯಾವ ಪಟ್ಟಿಯ ಪ್ರಕಾರ ಎಂಬುದಕ್ಕೆ ವ್ಯವಸ್ಥೆಯೇ ಇರಲಿಲ್ಲ. ಆರ್ಮೇನಿಯನ್ನರು ನೆಲಬಾಂಬು ಸಾಗಿಸುತ್ತಿದ್ದಾರೆ ಎಂದು ಬಾಕು ಆರೋಪಿಸಿದಾಗ ಅದನ್ನು ಪರೀಕ್ಷಿಸಿ ಹೌದು ಅಥವಾ ಇಲ್ಲ ಎನ್ನಬಲ್ಲ ಮೂರನೆಯವರು ಯಾರೂ ಇರಲಿಲ್ಲ. ಮೂರು ವರ್ಷದೊಳಗೆ ಹೊಸ ರಸ್ತೆಯ ಯೋಜನೆ ಆಗಬೇಕೆಂದೂ ಇದೇ ಅಂಶ ಹೇಳಿತ್ತು. ಬಾಕು ಅದನ್ನು ಬೇಗನೆ ಕಟ್ಟಿ ಮುಗಿಸಿ, 2022ರ ಆಗಸ್ಟ್‌ನಲ್ಲಿ ಲಾಚಿನ್ ಪಟ್ಟಣವನ್ನು ಮರಳಿ ಪಡೆಯಿತು.

ಮುಂದಿನದು ಹಂತ ಹಂತವಾಗಿ ನಡೆಯಿತು. 2022ರ ಡಿಸೆಂಬರ್ 12ರಂದು ಪರಿಸರವಾದಿಗಳೆಂದು ಹೇಳಿಕೊಂಡವರು ಶೂಷಾದ ಬಳಿ ರಸ್ತೆಗೆ ಅಡ್ಡ ಕೂತರು. ಜನರನ್ನು ಚದುರಿಸುವ ಅಧಿಕಾರ ರಷ್ಯನ್ನರಿಗೆ ಕಾಗದದಲ್ಲಿ ಇರಲಿಲ್ಲ. 2023ರ ಜನವರಿಯಲ್ಲಿ ಆರ್ಮೇನಿಯಾದಿಂದ ಬರುತ್ತಿದ್ದ ವಿದ್ಯುತ್ ತಂತಿ ಹಾಳಾಯಿತು, ಅಜರ್‌ಬೈಜಾನಿನ ಹಿಡಿತದ ಜಾಗದಲ್ಲಿದ್ದ ಕಾರಣ ದುರಸ್ತಿಗೆ ಬಿಡಲಿಲ್ಲ. ಸರ್ಸಂಗ್ ಜಲಾಶಯದ ನೀರಿನ ಮೇಲೆಯೇ ಪ್ರಾಂತ್ಯವೆಲ್ಲ ನಿಂತಿತು. ನೀರು ಇಳಿದಂತೆ ಕರೆಂಟು ಕಡಿತ ಹೆಚ್ಚಿತು. ಅನಿಲ ಪೂರೈಕೆಯೂ ನಿಂತಿತು. ಫೆಬ್ರುವರಿ 22ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಸಂಚಾರಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕೆಂದು ಅಜರ್‌ಬೈಜಾನಿಗೆ ಆದೇಶಿಸಿತು. ಆದೇಶ ಜಾರಿಯಾಗಲಿಲ್ಲ. ಏಪ್ರಿಲ್ 23ರಂದು ಅದೇ ದಾರಿಯ ಹಕಾರಿ ಸೇತುವೆಯ ಮೇಲೆ ಅಜರ್‌ಬೈಜಾನಿ ತಪಾಸಣಾ ಠಾಣೆ ಬಂತು. ಜೂನ್ ಮಧ್ಯದ ನಂತರ ರೆಡ್‌ಕ್ರಾಸ್ ತುರ್ತು ರೋಗಿಗಳನ್ನು ಸಾಗಿಸುವುದೂ ಕಷ್ಟವಾಯಿತು. ಸೆಪ್ಟೆಂಬರ್ 19ರ ದಾಳಿ ಶುರುವಾದಾಗ ಎದುರಿಗಿದ್ದದ್ದು ಒಂಬತ್ತು ತಿಂಗಳು ಬಳಲಿದ ಜನ. ಒಂದೇ ದಿನದಲ್ಲಿ ಮುಗಿಯಿತು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೊರಟುಹೋದರು.

ರಷ್ಯಾಕ್ಕೆ ಆಗ ಬೇರೆ ತುರ್ತು ಇತ್ತು ನಿಜ. ಉಕ್ರೇನಿನ ಮೇಲೆ ಎರಗುವ ಎರಡು ದಿನ ಮೊದಲು, 2022ರ ಫೆಬ್ರುವರಿ 22ರಂದು, ಪುಟಿನ್ ಅಜರ್‌ಬೈಜಾನಿನೊಂದಿಗೆ ಮೈತ್ರಿಯ ಘೋಷಣೆಗೆ ಸಹಿ ಹಾಕಿದ್ದರು. ನಿರ್ಬಂಧಗಳು ಬಿದ್ದ ಮೇಲೆ ದಕ್ಷಿಣದ ದಾರಿಗಾಗಿ ಬಾಕು, ಅಂಕಾರಾ ಎರಡೂ ಅದಕ್ಕೆ ಬೇಕಾದವು. ಯುರೋಪನ್ನೂ ಬಿಡುವ ಹಾಗಿಲ್ಲ: 2022ರ ಜುಲೈನಲ್ಲಿ ಅಜರ್‌ಬೈಜಾನಿನಿಂದ ಅನಿಲ ಖರೀದಿಯನ್ನು 2027ರೊಳಗೆ ದುಪ್ಪಟ್ಟು ಮಾಡುವ ಒಪ್ಪಂದಕ್ಕೆ ಅದು ಸಹಿ ಹಾಕಿತ್ತು.

ಆರ್ಮೇನಿಯಾ ಸದಸ್ಯನಾಗಿರುವ, ರಷ್ಯಾ ಮುಂದಾಳತ್ವದ ಸೇನಾ ಕೂಟವಾದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯ ಮಾತೂ ಇಲ್ಲಿ ಬರಬೇಕು. ಅದರ ನಾಲ್ಕನೆಯ ವಿಧಿ ಒಬ್ಬ ಸದಸ್ಯನ ಮೇಲಿನ ಆಕ್ರಮಣ ಎಲ್ಲರ ಮೇಲಿನದು ಎನ್ನುತ್ತದೆ. ಕರಬಾಖ್ ಸದಸ್ಯ ದೇಶದ ಮಾನ್ಯ ನೆಲ ಆಗಿರಲಿಲ್ಲ, ಆದ್ದರಿಂದ 2020ರಲ್ಲೂ 2023ರಲ್ಲೂ ಆ ವಿಧಿ ಅನ್ವಯಿಸದು ಎಂಬ ವಾದಕ್ಕೆ ಆಧಾರವಿದೆ. 2022ರ ಸೆಪ್ಟೆಂಬರ್ 13-14ರದು ಬೇರೆ ಮಾತು. ಆಗ ಜೆರ್ಮುಕ್ ಸುತ್ತಮುತ್ತ ದಾಳಿ ಆದದ್ದು ಆರ್ಮೇನಿಯಾದ ಸ್ವಂತ ನೆಲದ ಮೇಲೆ. ಆರ್ಮೇನಿಯಾ ಕಡೆ 200ಕ್ಕೂ ಹೆಚ್ಚು ಜನ ಸತ್ತರು. ಆರ್ಮೇನಿಯಾ ನಾಲ್ಕನೆಯ ವಿಧಿಯನ್ನು ಎತ್ತಿತು. ಬಂದದ್ದು ಪಡೆಯಲ್ಲ, ಪರಿಶೀಲನಾ ತಂಡ. ಗಡಿ ಗುರುತಾಗಿಲ್ಲ, ಆದ್ದರಿಂದ ಎಲ್ಲಿ ದಾಟಿದರೆಂದು ಹೇಳಲಾಗದು ಎಂಬ ನೆಪ ಸಿಕ್ಕಿತು. ಇದನ್ನು ನಾವು ದ್ರೋಹ ಎಂದೇ ಕರೆಯುತ್ತೇವೆ, ಏಕೆಂದರೆ ಇಲ್ಲಿ ಬರೆದ ಷರತ್ತು ಸ್ಪಷ್ಟವಾಗಿತ್ತು. 2024ರ ಫೆಬ್ರುವರಿಯಲ್ಲಿ ಆರ್ಮೇನಿಯಾ ಸಂಘಟನೆಯಲ್ಲಿ ಭಾಗವಹಿಸುವುದನ್ನು ಸ್ಥಗಿತಗೊಳಿಸಿತು. ಹಾಗಂತ ರಷ್ಯಾದ ಕೈ ಬಿಟ್ಟುಹೋಗಿಲ್ಲ: ಗ್ಯುಮ್ರಿಯಲ್ಲಿ ಅದರ 102ನೇ ಸೇನಾ ನೆಲೆ ಇದೆ, ಮನೆಮನೆಗೆ ಅನಿಲ ಹಂಚುವ ಜಾಲ ಗಾಜ್‌ಪ್ರೊಮ್‌ನದು, ರೈಲ್ವೆ ರಷ್ಯನ್ ರೈಲ್ವೆಯ ಗುತ್ತಿಗೆಯಲ್ಲಿದೆ.

ಬೆಂಗಳೂರಿನ ರೇಡಾರ್ ವಿಷಯ. ಸ್ವಾತಿ ಎಂಬ ಆ ಶಸ್ತ್ರ ಪತ್ತೆ ರೇಡಾರ್‌ ರೂಪುಗೊಂಡದ್ದು ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯದಲ್ಲಿ, ತಯಾರಿಸುವುದು ಬೆಂಗಳೂರಿನ ಬಿಇಎಲ್. ಆರ್ಮೇನಿಯಾ ಸುಮಾರು 4 ಕೋಟಿ ಡಾಲರಿಗೆ ನಾಲ್ಕು ರೇಡಾರ್ ಕೊಳ್ಳುತ್ತಿದೆ ಎಂದು 2020ರ ಮಾರ್ಚ್‌ನಲ್ಲಿ ವರದಿಯಾಗಿತ್ತು. ಅದರ ಕೆಲಸ ಹಾರಿ ಬರುವ ಫಿರಂಗಿ ಗುಂಡು, ಮಾರ್ಟರ್, ರಾಕೆಟ್‌ಗಳ ಪಥವನ್ನು ಹಿಡಿದು, ಆ ಪಥವನ್ನು ಹಿಂದಕ್ಕೆ ಲೆಕ್ಕ ಹಾಕಿ, ಹಾರಿಸಿದ ತೋಪು ಎಲ್ಲಿದೆ ಎಂದು ಹೇಳುವುದು. ಫಿರಂಗಿಯಾದರೆ ಸುಮಾರು 30 ಕಿ.ಮೀ. ವರೆಗೆ. 2020ರ ಯುದ್ಧವನ್ನು ತೀರ್ಮಾನಿಸಿದ್ದು ಡ್ರೋನ್. ಅಜರ್‌ಬೈಜಾನ್ ಹಳೆಯ ಆನ್-2 ವಿಮಾನಗಳನ್ನು ಪೈಲಟ್ ಇಲ್ಲದೆ ಹಾರಿಸಿ ಆರ್ಮೇನಿಯನ್ ವಾಯುರಕ್ಷಣೆಯನ್ನು ಕೆಣಕಿತು. ರೇಡಾರ್ ಹೊತ್ತಿಸಿ ಗುಂಡು ಹಾರಿಸಿದೊಡನೆ ಜಾಗ ಬಯಲಾಗುತ್ತಿತ್ತು, ಟರ್ಕಿಯ ಬೈರಕ್ತರ್ ಡ್ರೋನ್ ಅಥವಾ ಹ್ಯಾರೋಪ್ ಬಂದು ಹೊಡೆಯುತ್ತಿತ್ತು. ಸೋವಿಯತ್ ಕಾಲದ ಓಸಾ ಕ್ಷಿಪಣಿ ಏರುವುದು ಸುಮಾರು 5 ಕಿ.ಮೀ. ಎತ್ತರಕ್ಕೆ, ಬೈರಕ್ತರ್ ಅದಕ್ಕಿಂತ ಮೇಲೆ ಹಾರಬಲ್ಲದು. ಈ ಸಮಸ್ಯೆಗೆ ಸ್ವಾತಿ ಮದ್ದಲ್ಲ, ಆ ಕೆಲಸಕ್ಕೆ ಮಾಡಿದ್ದೂ ಅಲ್ಲ. ಆ ಪಾಠ ಕಲಿತೇ ಆರ್ಮೇನಿಯಾ ಮುಂದೆ ಭಾರತದಿಂದ ಪಿನಾಕ ರಾಕೆಟ್ ಜೊತೆಗೆ ಆಕಾಶ್ ವಾಯುರಕ್ಷಣಾ ಕ್ಷಿಪಣಿಯನ್ನೂ ಕೊಂಡಿತು.

ಇನ್ನು ವಾಷಿಂಗ್ಟನ್. 2025ರ ಆಗಸ್ಟ್ 8ರಂದು ಅಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು 17 ವಿಧಿಗಳ ಶಾಂತಿ ಒಪ್ಪಂದದ ಕರಡಿಗೆ ಪ್ರಾಥಮಿಕ ಸಹಿ (ಹೆಸರಿನ ಮೊದಲಕ್ಷರ) ಹಾಕಿದರು. ಪೂರ್ಣ ಸಹಿ ಬೇರೆ, ಸಂಸತ್ತಿನ ಅನುಮೋದನೆ ಬೇರೆ. 2020ರ ಹೇಳಿಕೆಗಿಂತ ಇದು ಗಟ್ಟಿಯಾದ ಬರಹ: ಅಲ್ಮಾ-ಅತಾ ಗಡಿಗಳನ್ನು ಎರಡೂ ಕಡೆ ಒಪ್ಪುತ್ತವೆ, ಪರಸ್ಪರರ ಗಡಿಯಲ್ಲಿ ಮೂರನೆಯ ದೇಶದ ಪಡೆ ಇರಿಸಬಾರದು ಎನ್ನುತ್ತವೆ, ಅಂತರರಾಷ್ಟ್ರೀಯ ನ್ಯಾಯಾಲಯಗಳಲ್ಲಿನ ದಾವೆಗಳನ್ನು ಹಿಂಪಡೆಯಲು ಒಪ್ಪುತ್ತವೆ. ಕಾಣೆಯಾದವರ ಬಗ್ಗೆ ವಿಧಿ ಇದೆ. ಕರಬಾಖಿನ ಆರ್ಮೇನಿಯನ್ನರು ಮನೆಗೆ ಮರಳುವ ಬಗ್ಗೆ ಇಲ್ಲ.

ನೀವು ಕಣ್ಣಿಡಬೇಕಾದ ಜಾಗಗಳು ಎರಡು. ಒಂದು, ಆರ್ಮೇನಿಯಾದ ಸಂವಿಧಾನದ ಪೀಠಿಕೆ. ಅದು 1990ರ ಸ್ವಾತಂತ್ರ್ಯ ಘೋಷಣೆಯನ್ನು ಉಲ್ಲೇಖಿಸುತ್ತದೆ, ಆ ಘೋಷಣೆ 1989ರ ಡಿಸೆಂಬರ್ 1ರ ಕರಬಾಖ್ ವಿಲೀನ ನಿರ್ಣಯವನ್ನು ಉಲ್ಲೇಖಿಸುತ್ತದೆ. ಇದನ್ನು ತೆಗೆಯದೆ ಸಹಿ ಹಾಕುವುದಿಲ್ಲ ಎನ್ನುತ್ತದೆ ಬಾಕು. ಬದಲಿಸಲು ಜನಮತಗಣನೆ ಬೇಕು, ನೆಲೆ ಕಳಕೊಂಡು ಬಂದವರ ನಡುವೆ ಅದನ್ನು ಗೆಲ್ಲುವುದು ಸುಲಭವಲ್ಲ.

ಇನ್ನೊಂದು ಮೆಗ್ರಿ. ಇರಾನ್ ಗಡಿಯ ಅರಸ್ ನದಿಗುಂಟ ಸುಮಾರು 43 ಕಿ.ಮೀ. ನೆಲ, ಅಜರ್‌ಬೈಜಾನಿನ ಮುಖ್ಯಭಾಗವನ್ನೂ ಅದರದೇ ಬಿಡಿ ಪ್ರದೇಶ ನಖಿಚೆವಾನನ್ನೂ ಬೇರ್ಪಡಿಸುವಂಥದ್ದು. 2020ರ ಒಂಬತ್ತನೆಯ ಅಂಶ ಇಲ್ಲಿನ ಸಂಚಾರದ ಮೇಲ್ವಿಚಾರಣೆಯನ್ನು ರಷ್ಯಾದ ಭದ್ರತಾ ಸಂಸ್ಥೆ ಎಫ್‌ಎಸ್‌ಬಿಯ ಗಡಿಪಡೆಗೆ ಕೊಟ್ಟಿತ್ತು. ಈಗ ಅಮೆರಿಕದ ಪಾಲುದಾರಿಕೆಯಲ್ಲಿ ಟ್ರಂಪ್ ಹೆಸರಿನ ಮಾರ್ಗ ಬರಲಿದೆ, ಆರ್ಮೇನಿಯಾದ ಕಾನೂನಿನಡಿ. ಭಾರತಕ್ಕೂ ಇದು ದೂರದ ವಿಷಯವಲ್ಲ: ಇರಾನಿನ ಬಂದರಿಗೆ ಇಳಿದ ನಮ್ಮ ಸರಕು ಆರ್ಮೇನಿಯಾ ಸೇರುವುದು ಇದೇ ಮೆಗ್ರಿ ಪ್ರದೇಶದ ಗಡಿ ದಾಟಿ. ಪೂರ್ವ-ಪಶ್ಚಿಮದ ಹೊಸ ಹಾದಿ ಉತ್ತರ-ದಕ್ಷಿಣದ ಆ ಹಾದಿಯನ್ನು ಅಲ್ಲಿ ಅಡ್ಡಹಾಯುತ್ತದೆ. ಅಜರ್‌ಬೈಜಾನಿ ಲಾರಿಯ ಮುದ್ರೆಯನ್ನು ಯಾರು ಒಡೆದು ನೋಡಬಹುದು, ಚಾಲಕನ ಪಾಸ್‌ಪೋರ್ಟನ್ನು ಆರ್ಮೇನಿಯಾದ ಅಧಿಕಾರಿ ಮುಖಾಮುಖಿ ಪರಿಶೀಲಿಸುತ್ತಾನೆಯೇ, ತಕರಾರು ಬಂದರೆ ಎಷ್ಟು ಗಂಟೆಯೊಳಗೆ ಯಾರು ತೀರ್ಮಾನಿಸಬೇಕು: ಲಾಚಿನ್‌ನಲ್ಲಿ ಬರೆಯದೆ ಬಿಟ್ಟದ್ದು ಇವೇ ಮೂರು. ಮೆಗ್ರಿಯ ನಿಯಮಾವಳಿಯಲ್ಲಿ ಇವಕ್ಕೆ ಉತ್ತರ ಬರೆದಿದ್ದರೆ ಒಪ್ಪಂದ ನಿಲ್ಲುವ ಸಾಧ್ಯತೆ ಹೆಚ್ಚು ಎಂದು ನಾವು ಭಾವಿಸುತ್ತೇವೆ.

— ಸಂಪಾದಕರು