ಬಾಯಲ್ಲಿ ಸ್ತೋತ್ರ, ಹೊಟ್ಟೆಯಲ್ಲಿ ಉರಿ

ಬೀದರ್ ತಾಲ್ಲೂಕಿನ ಹಳ್ಳಿಯೊಂದರ ಮೆಥೋಡಿಸ್ಟ್ ಕ್ರೈಸ್ತ ಕುಟುಂಬದ ಮಹಿಳೆ, ವಯಸ್ಸು ನಲವತ್ತರ ಆಸುಪಾಸು. (ಗುರುತು ಸಿಗದಂತೆ ವಿವರ ಬದಲಿಸಿದೆ.) ರಾಶಿಯ ಹೊತ್ತಿಗೆ ಸುರಿದ ಮಳೆಗೆ ಮೂರು ಎಕರೆ ಸೋಯಾ ಕಾಯಲ್ಲೇ ಮೊಳಕೆಯೊಡೆದಿತ್ತು. ಸಾಲ ಹಾಗೇ ಉಳಿದಿತ್ತು. ಆದರೆ ಆಕೆ ಆಪ್ತಸಲಹೆಗೆ ಬಂದದ್ದು ಬೇರೆ ನೋವಿಗೆ: "ಕೂಟದಾಗ ಎದ್ದು ನಿಂತು ಸಾಕ್ಷಿ ಹೇಳತೀನ್ರಿ ಅಕ್ಕಾರ. ಬಾಯಿ ಸ್ತೋತ್ರ ಅನ್ನತದ, ಒಳಗ ಹೊಟ್ಟಿ ಉರೀತದ. ದೇವರಿಗೇ ಸುಳ್ಳು ಹೇಳಿದಂಗ ಆಗತದ." (ಸಾಕ್ಷಿ ಎಂದರೆ ದೇವರು ಮಾಡಿದ ಉಪಕಾರವನ್ನು ಪ್ರಾರ್ಥನಾ ಕೂಟದಲ್ಲಿ ಎಲ್ಲರ ಮುಂದೆ ಹೇಳುವುದು.)

ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ದಿನಾ ರಾತ್ರಿ ಹತ್ತು ಉಪಕಾರ ಬರೆಯಲು ಯಾರೋ ಹೇಳಿದ್ದರಂತೆ. ಮೊದಲ ಪುಟ ತುಂಬಿತ್ತು. ಐದನೇ ದಿನದಿಂದ "ಊಟ, ಆರೋಗ್ಯ, ಮಕ್ಕಳು". ಹನ್ನೊಂದನೇ ದಿನ ಬರೀ "ಮೇಲಿನಂತೆ". ಆಮೇಲೆ ಖಾಲಿ ಹಾಳೆ.

ನಿದ್ದೆ, ಹಸಿವು, ಸಾಯುವ ಯೋಚನೆ ಇವನ್ನು ಮೊದಲು ವಿಚಾರಿಸಲಾಯಿತು. ಎರಡು ವಾರ ಬಿಡದೆ ಮಂಕು ಕವಿದಿದ್ದರೆ ಅಥವಾ ಬದುಕು ಬೇಡವೆನಿಸಿದ್ದರೆ ನೋಟ್‌ಬುಕ್ಕಿನ ಮಾತಿಗಿಂತ ಮುಂಚೆ ವೈದ್ಯರು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಈಕೆಗೆ ಹಾಗಿರಲಿಲ್ಲ.

ತಪ್ಪಿದ್ದು ಕ್ರಮದಲ್ಲಿ. ಅಳದೆ ಸ್ತುತಿಗೆ ಹಾರಿದ್ದರು. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಮೊದಲು ಅತ್ತ (ಯೋಹಾನ 11:35). ತಂದೆಗೆ ಸ್ತೋತ್ರ ಹೇಳಿದ್ದು ಆಮೇಲೆ (11:41), ಅದೂ ತನ್ನ ಮೊರೆ ಕೇಳಿದ್ದಕ್ಕೆ, ಗೆಳೆಯ ಸತ್ತದ್ದಕ್ಕಲ್ಲ. ಪೌಲ ಥೆಸಲೋನಿಕದವರಿಗೆ "ಎಲ್ಲಾದರಲ್ಲಿಯೂ" ಕೃತಜ್ಞತಾಸ್ತುತಿ ಮಾಡಿರಿ ಎಂದದ್ದನ್ನೂ ಹೀಗೇ ಓದಬೇಕು: ಎಲ್ಲದರ ನಡುವೆ, ಎಲ್ಲದಕ್ಕಾಗಿ ಅಲ್ಲ. ಕೊಳೆತ ಬೆಳೆಗೆ ವಂದನೆ ಹೇಳಬೇಕಿಲ್ಲ ಎಂದಾಗ ಆಕೆ ಬಹಳ ಹೊತ್ತು ಅತ್ತರು.

ಕೊಟ್ಟ ಸಲಹೆ ಇಷ್ಟು. ವಾರಕ್ಕೆ ಮೂರೇ ದಿನ, ಐದೇ ನಿಮಿಷ. ಮಲಗುವಾಗ ಬೇಡ, ದಣಿದ ಮನಸ್ಸು ಹಳೆಯದನ್ನೇ ನಕಲು ಮಾಡುತ್ತದೆ. ಸಂಜೆ ರೊಟ್ಟಿ ಮುಗಿದು ಹಂಚು ಆರುವ ಹೊತ್ತಿನಲ್ಲಿ ಬರೆಯಬೇಕು. ಮೊದಲು ಎರಡು ಸಾಲು ಗೋಳು, ನೇರ ದೇವರಿಗೇ. ಮಾದರಿ ಬೈಬಲಿನ 13ನೇ ಕೀರ್ತನೆ: ಆರು ವಚನಗಳಲ್ಲಿ ನಾಲ್ಕು ಸಲ "ಎಷ್ಟರವರೆಗೆ" ಎಂಬ ಪ್ರಶ್ನೆ, ಸ್ತುತಿ ಬರುವುದು ಕೊನೆಗೆ. ನಂತರ ಒಂದೇ ಒಂದು ಉಪಕಾರ: ಏನು ಸಿಕ್ಕಿತು, ಯಾರ ಕೈಯಿಂದ, ಅವರು ಅದಕ್ಕಾಗಿ ಏನು ಬಿಟ್ಟುಕೊಟ್ಟರು. ಈ ಮೂರನೆಯದೇ ಜೀವಾಳ. "ಊಟ" ಎಂದು ಬರೆದರೆ ಯಾರ ಮುಖವೂ ಕಾಣುವುದಿಲ್ಲ.

"ನಮಗಿಂತ ಕಷ್ಟದವರಿದ್ದಾರೆ" ಎಂದು ಬರೆಯುವುದನ್ನು ಪೂರ್ತಿ ನಿಲ್ಲಿಸಲು ಹೇಳಲಾಯಿತು. ಲೂಕ 18ರಲ್ಲಿ ತನ್ನ ಧರ್ಮನಿಷ್ಠೆಗೆ ಬೀಗುವ ಫರಿಸಾಯನು "ನಾನು ಇತರರಂತಲ್ಲ" ಎಂದು ಮಾಡಿದ ಸ್ತೋತ್ರ ಅದೇ ಜಾತಿಯದು. ಕೂಟದಲ್ಲಿ ಸಾಕ್ಷಿ ಹೇಳಲು ಮನಸ್ಸು ಬರುವವರೆಗೆ "ನಮಗಾಗಿ ಪ್ರಾರ್ಥಿಸಿರಿ" ಎಂದಷ್ಟೇ ಕೇಳಿ ಕೂರಬಹುದು.

ಶನಿವಾರ ಬರೆದದ್ದರಲ್ಲಿ ಒಂದನ್ನು ಆ ವ್ಯಕ್ತಿಗೇ ಹೇಳಬೇಕು. ಯೇಸು ಗುಣಪಡಿಸಿದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ಸ್ತೋತ್ರ ಹೇಳಲು ತಿರುಗಿ ಬಂದನಲ್ಲ, ಆ ತಿರುಗಿ ಬರುವಿಕೆ ಇದು. ಮನೆಯವರಿಗೆ ಧನ್ಯವಾದ ಅನ್ನುವ ರೂಢಿ ನಮ್ಮಲ್ಲಿಲ್ಲ, ಕೃತಕವೂ ಅನಿಸುತ್ತದೆ. "ಅವತ್ತ ನೀ ಕೊಡ ತಂದಿದ್ದಿ, ನನ್ನ ನಡಾ ಉಳೀತು" ಅಂದರೆ ಸಾಕು.

ಆರನೇ ವಾರದ ಪುಟ: "ಸಾಲ ಯಾವಾಗ ತೀರತದ ದೇವರೇ? ನೆಗೆಣ್ಣಿ ಬಿತ್ತಾಕ ಅರ್ಧ ಚೀಲ ಕಡ್ಲಿ ಕೊಟ್ಟಳು. ತನ್ನ ಹೊಲಕ್ಕ ಇಟ್ಟಿದ್ದಿತ್ತು." ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಇದನ್ನು ನೆಗೆಣ್ಣಿಯ ಮುಂದೆ ಹೇಳುವುದು ಮಾತ್ರ ಇನ್ನೂ ಆಗಿಲ್ಲ. ಮುಂದಿನ ಭೇಟಿಯೊಳಗೆ ಮಾಡಬೇಕಾದ್ದು ಅದೊಂದೇ.